ಬೀಗತಿ ಬರಲು ಒಳ್ಳೆಯ ತಿಂಗಳು

ಅಥವಾ ಅದು ಜನವರಿಯೇ ಇದ್ದೀತು. ಡಿಸೆಂಬರ್ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಆದರೆ ನೆನಪಿನಲ್ಲಿ ಬೀಗತಿ ಬಂದ ದಿನದ ಊಟದ ತಟ್ಟೆಯನ್ನು ನೋಡಿದರೆ, ಸಜ್ಜೆ ರೊಟ್ಟಿಯ ಪಕ್ಕದಲ್ಲೇ ಹೆಚ್ಚಿಟ್ಟ ಮಾವಿನಹಣ್ಣು ಕಾಣುತ್ತದೆ. ನಮ್ಮ ಶಹಾಪುರದಲ್ಲಿ ಅವೆರಡೂ ಒಂದೇ ತಿಂಗಳಲ್ಲಿ ತಟ್ಟೆಗೆ ಬಂದದ್ದಿಲ್ಲ. ಒಂದನ್ನು ನಾನೇ ಆಮೇಲೆ ಎಲ್ಲಿಂದಲೋ ತಂದು ಸೇರಿಸಿದ್ದೇನೆ. ಸದ್ಯಕ್ಕೆ ಮಾವಿನಹಣ್ಣನ್ನು ತೆಗೆದಿಟ್ಟು ಬರೆಯುತ್ತೇನೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ನನ್ನ ತಂಗಿ ಮದುವೆಯಾಗಬೇಕೆಂದುಕೊಂಡಿದ್ದ ಹುಡುಗ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅವನದು ಉತ್ತರದ ಬೆಟ್ಟದ ಸೀಮೆ, ಹಿಮ ಬೀಳುವ ಕಡೆ. ಲೋಡಿಂಗ್ ಮಾಡುವವರಿಂದ ಕನ್ನಡ ಕಲಿತವನು. ಮೊದಲ ಸಲ ನಮ್ಮ ಮನೆಗೆ ಬಂದಾಗ ಅವ್ವನ ಕಾಲು ಮುಟ್ಟಿ ನಮಸ್ಕರಿಸಿ, ಬಹಳ ವಿನಯದಿಂದ, "ಏನಲೇ, ಆರಾಮ ಅದಿ?" ಎಂದು ಕೇಳಿದ್ದ. ಅವ್ವ ಅಂದೇ ಒಪ್ಪಿಬಿಟ್ಟಿದ್ದಳು. ಒಪ್ಪಬೇಕಾಗಿದ್ದದ್ದು ಅವನ ತಾಯಿ. ಅವರು ಜಾತಿ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಮದುವೆಯಾದ ಮೇಲೆ ಇಬ್ಬರೂ ಯಾದಗಿರಿಯಲ್ಲಿ ಮನೆ ಮಾಡುವವರಾದ್ದರಿಂದ, ಮಗ ಬಾಳುವ ಸೀಮೆಯನ್ನು ಕಣ್ಣಾರೆ ನೋಡಬೇಕು ಎಂದರು. ಮನುಷ್ಯರು ಇರುವಂಥ ಜಾಗ ಅನ್ನಿಸಿದರೆ ಹೂಂ. ಇಲ್ಲದಿದ್ದರೆ ಮಗನನ್ನು ಊರಿಗೆ ಕರೆದುಕೊಂಡು ಹೋಗುತ್ತಾರೆ, ಬೇರೆ ಹುಡುಗಿಯನ್ನು ಅಲ್ಲೇ ನೋಡುತ್ತಾರೆ. ಯಾರೋ ಅವರಿಗೆ ನಮ್ಮ ಕಡೆಯದು ಬರೀ ಕುಲುಮೆ ಎಂದು ಹೇಳಿದ್ದರಂತೆ. ಹುಡುಗ ಕೆಲಸಕ್ಕೆ ಸೇರಿದ್ದು ಬೇಸಿಗೆಯಲ್ಲಿ. ಹೇಳಿದವನು ಅವನೇ ಇರಬೇಕು.

ಬರುವ ಮುಂಚೆ ಫೋನಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಕಡೆ ಬರಲು ಒಳ್ಳೆಯ ತಿಂಗಳು ಯಾವುದು?

ಉತ್ತರ ಹುಡುಕಲು ಸುರಪುರದಿಂದ ಮಾಮ ಬಂದ. ಅವ್ವನ ತಮ್ಮ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ಮಾತುಗಳಿಗೆ ಅವನೇ ಬರುವುದು. ಅರ್ಧ ಆಯುಷ್ಯ ಲಾರಿ ಓಡಿಸಿ ದೇಶವನ್ನೆಲ್ಲ ನೋಡಿದವನು, ಮತ್ತು ಎಲ್ಲವನ್ನೂ ತಪ್ಪು ಕಾಲದಲ್ಲಿ ನೋಡಿದವನು. ಮರಳುಗಾಡನ್ನು ಬೇಸಿಗೆಯಲ್ಲಿ, ಹಿಮದ ಘಟ್ಟವನ್ನು ಚಳಿಗಾಲದಲ್ಲಿ, ಅಸ್ಸಾಮನ್ನು ಮುಂದಿನ ಲಾರಿಯ ಬೆನ್ನೂ ಕಾಣದ ಮಳೆಯಲ್ಲಿ. ಲೋಡು ಎತ್ತಿದ ದಿನ ಹೊರಡಬೇಕು. ಯಾವ ಊರಿಗೆ ಯಾವ ಕಾಲ ಚೆಂದವೆಂದು ತೊಗರಿಬೇಳೆ ಕೇಳುವುದಿಲ್ಲ.

"ಮೇ ತಿಂಗಳಾಗ ಕರೀರಿ," ಎಂದ ಮಾಮ.

"ಹುಚ್ಚ ಹಿಡದದೇನು ನಿನಗ?" ಎಂದಳು ಅವ್ವ.

"ಅಕ್ಕಾ, ಕೇಳಿಲ್ಲಿ. ಗೋವಾಕ್ಕ ಆ ತಿಂಗಳು ಚಲೋ, ಕಾಶ್ಮೀರಕ್ಕ ಈ ತಿಂಗಳು ಚಲೋ ಅಂತ ಹೇಳೋರು ಹೋಟೆಲ್ ಮಂದಿ. ಪೌಡರ್ ಬಡಕೊಂಡಾಗ ಊರಿನ ಮಾರಿ ನೋಡಿದ್ರ ಏನ್ ನೋಡಿದಂಗಾತು? ಮೇದಾಗ ಬಂದು ಹೂಂ ಅಂದಳಂದ್ರ ಸಾಯೋತನಕ ಕಿರಿಕಿರಿ ಇಲ್ಲ."

"ಒಲ್ಲೆ ಅಂದ್ರ?"

"ಮೇದಾಗ ಅಂದಾಳಲ್ಲ, ಅಂತ ಮಾಫ್ ಮಾಡೂದು."

"ಮಾಮಾ," ಎಂದಳು ತಂಗಿ, "ಲಗ್ನ ನಂದದ. ನಿನ್ನ ಲಾರಿದಲ್ಲ."

ತಿಂಗಳುಗಳನ್ನು ಒಂದೊಂದಾಗಿ ಹೊರಹಾಕಿದೆವು. ಜೂನ್ ಬೇಡ, ಮಳೆ ಬಂದರೆ ಎರೆಮಣ್ಣು ಚಪ್ಪಲಿಯನ್ನು ಕಿತ್ತುಕೊಳ್ಳುತ್ತದೆ, ಬಾರದಿದ್ದರೆ ಅದೂ ಮೇ ತಿಂಗಳೇ. ಗದ್ದೆಗಳಿಗೆ ಕಾಲುವೆ ನೀರು ಬಂದ ಮೇಲೆ ಸೊಳ್ಳೆ. ಅಕ್ಟೋಬರಿನ ಬಿಸಿಲಿಗೆ ಕೆರೆಗಿಳಿದ ಎಮ್ಮೆ ಮೇಲೇಳುವುದಿಲ್ಲ. ತಂಗಿ ಫೋನು ತೆಗೆದು ಯಾದಗಿರಿಯ ಹವೆ ಓದತೊಡಗಿದಳು.

"ಅದು ಯಾದಗಿರಿದು," ಎಂದು ಅವ್ವ ತಡೆದಳು. "ನಮ್ಮ ಶಹಾಪುರದ್ದು ಬ್ಯಾರೆ ಅದ."

"ಬ್ಯಾರೆ ಅಂದ್ರ ಅದಕಿಂತ ಕೆಟ್ಟದದ," ಎಂದ ಮಾಮ. "ನಿಮ್ಮ ಗುಂಡಗಲ್ಲು ಹಗಲೆಲ್ಲ ಕಾಯ್ತಾವ. ಸುರಪುರದಾಗ ನೋಡ್ರಿ, ಗುಡ್ಡದ ಮ್ಯಾಲ ಗಾಳಿ ಆಡ್ತದ."

"ಆಡ್ತದ, ಆಡ್ತದ. ಆ ಗಾಳಿ ಬಿಟ್ಟು ಪ್ರತಿ ಬ್ಯಾಸಿಗಿಗೆ ಇಲ್ಲಿ ಬಂದು ನಮ್ಮ ಕೂಲರ್ ಮುಂದ ಮಲಗ್ತಿ."

ದೇಶ ವಿಶಾಲ, ಹವಾಮಾನ ಹಲವು ಎಂದು ಶಾಲೆಯಲ್ಲಿ ಓದಿದ್ದೆ. ಎಷ್ಟು ವಿಶಾಲವೆಂದು ಆ ದಿನ ನಮ್ಮ ಪಡಸಾಲೆಯಲ್ಲಿ ತಿಳಿಯಿತು.

ಕೊನೆಗೆ ಥಂಡಿ ದಿನಗಳು ಎಂದು ತೀರ್ಮಾನವಾಯಿತು. ನಮ್ಮ ಕಡೆ ಥಂಡಿಯೆಂದರೆ ಅಪರೂಪದ ನೆಂಟ. ಅದಕ್ಕೇ ಅದಕ್ಕೆ ಅತಿ ಮರ್ಯಾದೆ. ಬೆಳಗಿನ ಗಾಳಿ ಕೊಂಚ ತಣ್ಣಗಾಗುವುದೇ ತಡ, ಬಿಸಿಲಿಗೆ ಎಂದೂ ಅಂಜದ ಗಂಡಸರು ಕಿವಿಗೆ ಮಫ್ಲರ್ ಬಿಗಿದುಕೊಂಡು ಚಹದಂಗಡಿಯ ಮುಂದೆ ಹಳೆಯ ಟೈರು ಸುಡುತ್ತ ಕೂರುತ್ತಾರೆ. ತಿಂಗಳು ಗೊತ್ತಾದದ್ದೇ ಅವ್ವನಿಗೆ ಹೊಸ ಚಿಂತೆ ಹತ್ತಿತು.

"ಹುಟ್ಟಿದಾಗಿಂದ ಬರ್ಫ್ ಬೀಳೂ ಊರಾಗ ಬೆಂಕಿ ಮುಂದ ಕೂತ ಹೆಣ್ಮಗಳು. ಇಲ್ಲಿ ಥಂಡ್ಯಾಗ ಬೆಂಕಿ ಇಲ್ದ ಹೆಂಗ ಇರ್ತಾಳ?"

ಈ ತರ್ಕದಲ್ಲಿ ನಮಗ್ಯಾರಿಗೂ ತಪ್ಪು ಕಾಣಲಿಲ್ಲ. ಕಿಟಕಿಗಳ ಸಂದಿಗೆ ಗೋಣಿಚೀಲ ತುರುಕಿದೆವು. ಯಾರಾದರೂ ಮರೆತು ಫ್ಯಾನ್ ಹಾಕಿಬಿಟ್ಟಾರೆಂದು ಮಾಮ ಅದರ ವೈರನ್ನೇ ಬಿಚ್ಚಿದ. ಟ್ರಂಕಿನಿಂದ ಕೌದಿಗಳು ಇಳಿದವು. ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತುಂಬಿ ನಡುಮನೆಯಲ್ಲಿಟ್ಟಾಯಿತು. ಅಡುಗೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಖಾರ. ಎಲ್ಲವೂ ಮೈಗೆ ಕಾವು ಕೊಡುವಂಥವು.

ಯಾದಗಿರಿ ನಿಲ್ದಾಣಕ್ಕೆ ಹುಡುಗನ ಜೊತೆ ಮಾಮ, ನಾನು ಹೋಗಿದ್ದೆವು. ರೈಲಿಳಿದ ಅವನ ತಾಯಿ ತೆಳ್ಳನೆಯ ಹತ್ತಿ ಬಟ್ಟೆಯಲ್ಲಿದ್ದರು. ಮಾಮ ಕೋಟು, ಮಫ್ಲರ್, ಮಂಕಿ ಕ್ಯಾಪಿನಲ್ಲಿದ್ದ. ಆಕೆ ಅವನನ್ನು ಕನಿಕರದಿಂದ ನೋಡಿ ಮಗನ ಕಿವಿಯಲ್ಲಿ ಏನೋ ಕೇಳಿದರು. ಮಾಮನಿಗೆ ಜಡ್ಡೇ ಎಂದು ಕೇಳಿದ್ದಂತೆ. ಮಾಮನೂ ಅವರನ್ನು ಅಷ್ಟೇ ಕನಿಕರದಿಂದ ನೋಡಿ ನನ್ನ ಕಿವಿಯಲ್ಲಿ ಹೇಳಿದ: "ಪಾಪ, ಸ್ವೆಟರ್ ತರೂದು ಮರತಾಳ."

ಮನೆಯ ಬಾಗಿಲಲ್ಲೇ ಅವ್ವ ಅವರಿಗೆ ಶಾಲು ಹೊದಿಸಿದಳು. ಕೆಂಡದ ಮುಂದೆ ಕೂರಿಸಿ ಕಾಲ ಮೇಲೆ ಕೌದಿ ಹಾಸಿದಳು. ಶುಂಠಿ ಚಹ ಕೊಟ್ಟಳು. ಆಕೆ ನಕ್ಕು ಶಾಲನ್ನು ಮೆಲ್ಲಗೆ ಜಾರಿಸಿದರು. ಸಂಕೋಚ ಮಾಡುತ್ತಿದ್ದಾರೆಂದು ಅವ್ವ ಮತ್ತೆ ಹೊದಿಸಿದಳು. ಮತ್ತೆ ಜಾರಿತು, ಮತ್ತೆ ಹೊದಿಸಿದಳು. ಹುಡುಗ ಬಾಯಿ ತೆರೆಯಲು ನೋಡಿದ. ತಾಯಿ ಕಣ್ಣಲ್ಲೇ ಗದರಿದರು. ಹೆಣ್ಣಿನ ಮನೆಯವರು ಏನು ಮಾಡಿದರೂ ಬೇಡ ಅನ್ನಬೇಡ, ಅವರ ಪದ್ಧತಿ ಇದ್ದೀತು ಎಂದು ನಿಲ್ದಾಣದಲ್ಲೇ ಅವನಿಗೆ ಹೇಳಿದ್ದರಂತೆ. ಅವರ ಹಣೆಯಿಂದ ಬೆವರು ಇಳಿಯತೊಡಗಿತು. ಅವ್ವನದೂ ಇಳಿಯುತ್ತಿತ್ತು. ಮಾಮ ಮಂಕಿ ಕ್ಯಾಪಿನೊಳಗೆ ಕೆಂಪಗಾಗಿದ್ದ. ಯಾರೂ ಏಳಲಿಲ್ಲ. ಅವ್ವ ಕೈ ಚಾಚಿ ಬೀಗತಿಯ ಹಣೆ ಮುಟ್ಟಿ ನೋಡಿದಳು.

"ಅಯ್ಯ ಶಿವನ, ಜ್ವರ ಬಂದಾವ! ಏ, ಒಳಗಿಂದ ಇನ್ನೊಂದು ಕೌದಿ ತಗೊಂಬಾ."

ತಂಗಿ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಶನಿವಾರದ ಬೆಳಗಿನ ಶಾಲೆ ಮುಗಿಸಿ ಅವಳು ಬಂದದ್ದು ಆಗಲೇ. (ಶನಿವಾರವಾಗಿತ್ತೇ? ಅವಳ ಕೈಗೆ ಸೀಮೆಸುಣ್ಣ ಮೆತ್ತಿದ್ದು ನೆನಪಿದೆ, ಅದರಿಂದ ಊಹಿಸುತ್ತಿದ್ದೇನೆ.) ಹೊಸ್ತಿಲಲ್ಲಿ ನಿಂತು ಒಳಗಿನ ದೃಶ್ಯ ನೋಡಿದಳು.

"ಯವ್ವಾ! ಬೀಗತಿನ್ನ ಕುದಸಾಕತ್ತೀಯೇನ್ಬೇ?"

"ಜ್ವರ ಬಂದಾವವ್ವಾ. ಬೆವರು ಬಿಟ್ರ ಇಳೀತಾವ."

"ಅವರಿಗೆ ಬಂದದ್ದು ಜ್ವರಲ್ಲ, ನೀನು."

ಕೌದಿಗಳನ್ನು ಕಿತ್ತೆಸೆದು, ಪರಿಚಯವಿಲ್ಲ, ನಮಸ್ಕಾರವಿಲ್ಲ, ಅತ್ತೆಯಾಗಬೇಕಾದವರ ಕೈ ಹಿಡಿದು ದರದರ ಮಾಳಿಗೆಗೆ ಕರೆದುಕೊಂಡು ಹೋದಳು. ನಾವೆಲ್ಲ ಹಿಂದೆ ಓಡಿದೆವು. ಕೆಟ್ಟೇ ಹೋಯಿತೆಂದು ಅವ್ವ ಮೆಟ್ಟಿಲ ಮೇಲೇ ಅಳುವ ತಯಾರಿ ನಡೆಸಿದ್ದಳು.

ಮಾಳಿಗೆಯ ಮೇಲೆ ಗಾಳಿಯಿತ್ತು. ಆಕೆ ಅಲ್ಲಿಟ್ಟಿದ್ದ ನೀರಿನ ತಂಬಿಗೆ ಎತ್ತಿ ಗಟಗಟ ಕುಡಿದರು, ಉಳಿದದ್ದನ್ನು ತಲೆಯ ಮೇಲೆ ಸುರಿದುಕೊಂಡರು. ಸುತ್ತ ನೋಡಿದರು: ಗಿಡವಿಲ್ಲದ ಗುಡ್ಡ, ಒಂದರ ಮೇಲೊಂದು ಕೂತ ಗುಂಡುಗಲ್ಲುಗಳು, ಆಚೆ ಹತ್ತಿ ಹೊಲ. ಆಮೇಲೆ ತಂಗಿಯ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು: ಇದು ನಿಮ್ಮ ಯಾವ ಕಾಲ?

ಸುಳ್ಳು ಹೇಳು ಎಂಬಂತೆ ಅವ್ವ ನನ್ನನ್ನು ಚಿವುಟಿದಳು. ತಂಗಿ ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ.

ತಂಗಿ ತನ್ನ ಶಾಲೆಯ ಹಿಂದಿಯಲ್ಲಿ ಪಾಠ ಒಪ್ಪಿಸಿದಂತೆ ಹೇಳಿದಳು: ಇದೇ ನಮ್ಮ ಚಳಿಗಾಲ. ಇದಕ್ಕಿಂತ ಒಳ್ಳೆಯದು ನಮ್ಮಲ್ಲಿಲ್ಲ. ಮಾರ್ಚಿನಿಂದ ಇದೇ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ನಿಮ್ಮ ಮಗ ಅದನ್ನೆಲ್ಲ ಆಗಲೇ ಕಂಡಿದ್ದಾರೆ.

"ಮುಗೀತು," ಎಂದ ಮಾಮ, ಮಂಕಿ ಕ್ಯಾಪು ತೆಗೆಯುತ್ತ. "ಮೇದಾಗ ಕರೀರಿ ಅಂದ್ರ ಕೇಳಲಿಲ್ಲ."

ಆಕೆ ಮುಖದ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಂಡರು. ಮಗನಿಗೆ ತಮ್ಮ ಬೆಟ್ಟದ ಸೀಮೆಯ ಪಹಾಡಿ ಮಾತಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಅವನು ಕಿವಿಯವರೆಗೆ ಕೆಂಪಾದ. "ಏನಂತಾರಪ್ಪಾ?" ಎಂದು ಅವ್ವ ಕೇಳಿದಳು. ಅವನು ತಲೆಯಾಡಿಸಿದ, ಹೇಳಲಿಲ್ಲ. ತಾಯಿ ಅವನನ್ನು ಕೆಳಗೆ ಕಳಿಸಿ ತಮ್ಮ ಚೀಲ ತರಿಸಿದರು. ಅದರಿಂದ ಊರಿನಲ್ಲಿ ನೇಯ್ದ ದಪ್ಪ ಉಣ್ಣೆಯ ಶಾಲೊಂದನ್ನು ತೆಗೆದು ತಂಗಿಗೆ ಹೊದಿಸಿ, ಗದ್ದದ ಕೆಳಗೆ ಬಿಗಿಯಾಗಿ ಸಿಕ್ಕಿಸಿದರು. ಅವರ ಕಡೆ ಸೊಸೆಯನ್ನು ಒಪ್ಪುವುದು ಹೀಗೆ ಎಂದು ಹುಡುಗ ಆಗ ಬಾಯಿಬಿಟ್ಟ. ಅವ್ವ ನಿಜವಾಗಿಯೇ ಅತ್ತಳು. ಸಂಜೆಯವರೆಗೆ ಶಾಲು ತೆಗೆಯುವ ಹಾಗಿರಲಿಲ್ಲ. ತಂಗಿ ಮಾಳಿಗೆಯ ಬಿಸಿಲಿನಲ್ಲಿ ಮದುಮಗಳ ಕಳೆಯಿಂದ ಬೆವರುತ್ತ ನಿಂತಿದ್ದಳು.

ಪಹಾಡಿಯಲ್ಲಿ ತಾಯಿ ಏನೆಂದರು ಎಂದು ಹುಡುಗನನ್ನು ಎಷ್ಟೋ ಸಲ ಕೇಳಿದ್ದೇನೆ. ಈಗ ಅವನ ಕನ್ನಡ ಚೆನ್ನಾಗಿದೆ, ಮಾತು ಸಿಗುವುದಿಲ್ಲ ಎಂಬ ನೆಪವಿಲ್ಲ. ಒಮ್ಮೆ, "ಈ ಹುಡುಗಿ ಸುಳ್ಳು ಹೇಳುವುದಿಲ್ಲ ಅಂದರು" ಎಂದ. ಇನ್ನೊಮ್ಮೆ, "ಇಂಥ ಬಿಸಿಲಿನಲ್ಲಿ ಇದ್ದೂ ನೀನು ಊರಿಗೆ ಬರಲಿಲ್ಲವೆಂದರೆ ಇನ್ನು ಬರುವವನಲ್ಲ ಅಂದರು" ಎಂದ. ಮತ್ತೊಮ್ಮೆ, ಬರೀ ನೀರು ಕೇಳಿದ್ದು ಎಂದ. ಅಷ್ಟುದ್ದದ ಮಾತಿನಲ್ಲಿ ಯಾರೂ ನೀರು ಕೇಳುವುದಿಲ್ಲ. ತಂಗಿಗೂ ಅವನು ಹೇಳಿಲ್ಲವಂತೆ, ಅಥವಾ ಹೇಳಿದ್ದನ್ನು ಅವಳು ನನಗೆ ಹೇಳುತ್ತಿಲ್ಲ. ಅವನ ತಾಯಿಯನ್ನೇ ಕೇಳಬಹುದು. ಫೋನು ಮಾಡಿದಾಗಲೆಲ್ಲ ಕೇಳಬೇಕೆಂದುಕೊಂಡು ನಮ್ಮಿಬ್ಬರ ಆರೋಗ್ಯದ ಮಾತಾಡಿ ಇಟ್ಟುಬಿಡುತ್ತೇನೆ. ಅವರು ಯಾಕೆ ಒಪ್ಪಿದರೆಂದು ನನಗೆ ಗೊತ್ತಿಲ್ಲ.