ಬಲಗೋಡೆಯ ಸೈಕಲ್ಲುಗಳು

ಸ್ಟಿಕ್ಕರ್ ಅಂಟಿಸುವುದರಲ್ಲಿ ಶಿವಮೊಗ್ಗದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಂಡರೆ ಜನ ಜಂಬ ಎನ್ನುತ್ತಾರೆ. ಎನ್ನಲಿ. ಹೊಸಮನೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯಂ ಅಂಗಡಿ ಇಟ್ಟುಕೊಂಡೇ ನನ್ನ ತಲೆಕೂದಲು ಬೆಳ್ಳಗಾಗಿದೆ. ಆಟೋದ ಹಿಂದೆ ಮಕ್ಕಳ ಹೆಸರು, ಲಾರಿಯ ಬಾಗಿಲಿಗೆ ಹದ್ದು, ಟ್ರ್ಯಾಕ್ಟರಿನ ಮೂತಿಗೆ ಓಡುವ ಕುದುರೆ, ಎಲ್ಲವನ್ನೂ ಅಂಟಿಸಿದ್ದೇನೆ. ಗುಳ್ಳೆ ಎದ್ದಿದೆ ಎಂದು ದೂರು ತಂದ ಗಿರಾಕಿ ಒಬ್ಬನೂ ನೆನಪಿಗೆ ಬರುವುದಿಲ್ಲ.

ಇದನ್ನು ಒಪ್ಪದ ಮನುಷ್ಯ ಒಬ್ಬನೇ, ನನ್ನ ಅಣ್ಣ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾಗಿ ನ್ಯೂ ಟೌನಿನಲ್ಲೇ ಇದ್ದಾನೆ. ಅವನ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಕೆಲಸ. ಅಳತೆ ಇಟ್ಟು ಮಾಡುವುದು ಒಂದು, ಅಂದಾಜಿನಲ್ಲಿ ಮಾಡುವುದು ಇನ್ನೊಂದು. ನನ್ನದು ಎರಡನೆಯದು. ನನ್ನ ಅಂಗಡಿಯ ಪೂಜೆಯ ದಿನ ನೆಂಟರಿಷ್ಟರ ಎದುರಿಗೇ, ಬೆಲ್ಲ ಹಚ್ಚಿದರೆ ಯಾವ ಕಾಗದವಾದರೂ ಅಂಟುತ್ತೆ, ಅದಕ್ಕೊಂದು ಅಂಗಡಿ ಬೇಕಾ ಎಂದಿದ್ದ. ಎಲ್ಲರೂ ನಕ್ಕರು. ನಾನು ಆ ಮಾತನ್ನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಹಾಗಾಗಿ ಹೋದ ವರ್ಷ ಅವನೇ ಫೋನು ಮಾಡಿ, ನಿನ್ನ ಕೈಯಿಂದ ಒಂದು ಕೆಲಸ ಆಗಬೇಕಿತ್ತು ಎಂದಾಗ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದೆ. ಇನ್ನೊಂದು ಸಲ ಹೇಳಿದ. ಕೇಳುವುದಕ್ಕೆ ಹಿತವಾಗಿತ್ತು.

ಕೆಲಸ ಪಿನ್‌ಬಾಲ್ ಯಂತ್ರದ್ದು. ನೋಡದವರಿಗೆ ಹೇಳುತ್ತೇನೆ: ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಮರದ ಪೆಟ್ಟಿಗೆ, ಅದರೊಳಗೆ ಇಳಿಜಾರಾಗಿ ಕೂರಿಸಿದ ಆಟದ ಹಲಗೆ, ಮೇಲೆ ಗಾಜಿನ ಮುಚ್ಚಳ. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಓಡಿ, ದೀಪಗಳಿಗೆ ಗಂಟೆಗಳಿಗೆ ಬಡಿದುಕೊಂಡು ಕೆಳಗೆ ಬರುತ್ತದೆ. ಆಡುವವನ ಎದುರಿಗೆ, ಪೆಟ್ಟಿಗೆಯ ಆಚೆ ತುದಿಯಲ್ಲಿ, ತಲೆಯ ಹಾಗೆ ಒಂದು ಚಿತ್ರದ ಗಾಜು ನಿಂತಿರುತ್ತದೆ. ಈ ಯಂತ್ರ ಒಂದು ಕಾಲದಲ್ಲಿ ಕಾರ್ಖಾನೆಯ ಕ್ಲಬ್ಬಿನ ಮೂಲೆಯಲ್ಲಿತ್ತು. ಕ್ಲಬ್ಬು ಮುಚ್ಚಿ ಅದು ಗುಜರಿಗೆ ಹೊರಟಾಗ ಅಣ್ಣ ಮನೆಗೆ ಹೊರಿಸಿಕೊಂಡು ಬಂದ. ಅತ್ತಿಗೆ ಎಷ್ಟೋ ಬೇಸಿಗೆ ಅದರ ಮೇಲೆ ಹಪ್ಪಳ ಒಣಗಿಸಿದರು. ನಿವೃತ್ತಿಯಾದ ಮೇಲೆ ಅಣ್ಣ ಅದರ ಒಂದೊಂದು ತಂತಿ, ಒಂದೊಂದು ಸುರುಳಿಯನ್ನೂ ಬಿಚ್ಚಿ ಕಟ್ಟಿ ಜೀವ ಬರಿಸಿದ್ದ.

ಕ್ಲಬ್ಬಿನ ಮಾತು ಬಂದರೆ ಅಪ್ಪನ ಮಾತೂ ಬರಬೇಕು. ಅಪ್ಪನೂ ಅದೇ ಕಾರ್ಖಾನೆಯವನು. ನಾನಿನ್ನೂ ಶಾಲೆಗೆ ಸೇರಿರಲಿಲ್ಲ, ಅಣ್ಣ ಹೈಸ್ಕೂಲಿನಲ್ಲಿದ್ದ. ಬೆಳಿಗ್ಗೆ ಸೈಕಲ್ ಹತ್ತಿ ಡ್ಯೂಟಿಗೆ ಹೋದ ಅಪ್ಪ ಎದೆನೋವು ಬಂದು ಅಲ್ಲೇ ತೀರಿಕೊಂಡ. ನನಗೆ ಅವನ ಮುಖ ಗೊತ್ತಿರುವುದು ಫೋಟೋದಿಂದ. ಅಣ್ಣನಿಗೆ ಎಲ್ಲ ಗೊತ್ತು, ಆದರೆ ಅಪ್ಪನ ವಿಷಯಕ್ಕೆ ಅವನು ಬಾಯಿ ಬಿಟ್ಟವನೇ ಅಲ್ಲ. ಅವನು ಚಿಕ್ಕವನಿದ್ದಾಗ ರಜೆಯ ದಿನ ಅಪ್ಪ ಅವನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ನಿಲ್ಲಿಸಿ ಈ ಆಟ ಆಡಿಸುತ್ತಿದ್ದ ಎಂಬುದನ್ನೂ ನನಗೆ ಹೇಳಿದ್ದು ಅಮ್ಮ.

ಪೆಟ್ಟಿಗೆಯ ಒಳಗೋಡೆಗಳಲ್ಲಿ ಹಿಂದೆ ವಿದೇಶದ ಯಾವುದೋ ಚಿತ್ರಪಟ್ಟಿ ಇತ್ತಂತೆ. ಅದು ಸುಲಿದು ಹೋಗಿತ್ತು. ಅದರ ಬದಲಿಗೆ ಅಣ್ಣ ತಾನೇ ಉದ್ದನೆಯ ಕಾಗದದ ಮೇಲೆ ಎರಡು ಚಿತ್ರ ಬರೆದಿದ್ದ. ಎರಡರಲ್ಲೂ ರಸ್ತೆ, ರಸ್ತೆಯ ತುಂಬ ಸೈಕಲ್ಲುಗಳು, ಶಿಫ್ಟಿನ ಜನ. ಅವನು ಇಷ್ಟು ಚೆನ್ನಾಗಿ ಬರೆಯುತ್ತಾನೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಇವನ್ನು ವಿನೈಲ್ ಸ್ಟಿಕ್ಕರ್ ಹಾಳೆಯ ಮೇಲೆ ಪ್ರಿಂಟ್ ತೆಗೆದು ಒಳಗೋಡೆಗಳಿಗೆ ನಾನು ಅಂಟಿಸಬೇಕು. ಭಾನುವಾರ ಯಂತ್ರ ಪಿಂಚಣಿದಾರರ ವಾಚನಾಲಯಕ್ಕೆ ಹೋಗುವುದಿತ್ತು, ಅವನ ಜೊತೆ ಕೆಲಸ ಮಾಡಿದವರೆಲ್ಲ ನೋಡಲು ಬರುವವರಿದ್ದರು. ಕಾಗದದ ಸುರುಳಿಯನ್ನು ನನ್ನ ಕೈಗೆ ಕೊಡುವಾಗ ಅಣ್ಣ ಒಂದು ಮಾತು ಹೇಳಿದ.

“ಬೇರೆ ಏನು ಕೆಟ್ರೂ ನಾನು ರಿಪೇರಿ ಮಾಡ್ಕೊಳ್ತೀನಿ. ಇದೊಂದು ಕೆಡಬಾರ್ದು ಮಾರಾಯ್ತಿ. ನಾನು ಬರೆದ ಹಾಗೇ ಇರ್ಬೇಕು.”

ಅಣ್ಣ ಯಾರನ್ನೂ ಹೀಗೆ ಕೇಳಿಕೊಂಡವನಲ್ಲ. ಆ ಚಿತ್ರ ಅವನಿಗೆ ಎಷ್ಟು ಮುಖ್ಯ ಎಂಬುದು ನನಗೆ ತಿಳಿಯಿತು. ಏಕೆ ಎಂಬುದು ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ.

ಅಂಗಡಿಗೆ ಬಂದು ಚಿತ್ರಗಳನ್ನು ಕಂಪ್ಯೂಟರಿಗೆ ಏರಿಸಿ ನೋಡಿದೆ. ನೋಡಿದವಳೇ ನಕ್ಕೆ. ಎರಡರಲ್ಲೂ ಸೈಕಲ್ಲುಗಳು ಎಡದಿಂದ ಬಲಕ್ಕೇ ಓಡುತ್ತಿದ್ದವು. ನಮ್ಮ ಕಸುಬಿನಲ್ಲಿ ಜೋಡಿ ಚಿತ್ರ ಎಂದರೆ ಒಂದಕ್ಕೊಂದು ಕನ್ನಡಿಯ ಬಿಂಬ. ಲಾರಿಯ ಎಡಬಾಗಿಲಿನ ಕುದುರೆಯೂ ಬಲಬಾಗಿಲಿನ ಕುದುರೆಯೂ ತಲೆಯ ಕಡೆಗೇ, ಅಂದರೆ ಎಂಜಿನ್ನಿನ ಕಡೆಗೇ ಓಡಬೇಕು. ಹಿಂದಕ್ಕೆ ಮುಖ ಮಾಡಿದ ಕುದುರೆಯನ್ನು ಯಾವ ಡ್ರೈವರನೂ ಒಪ್ಪುವುದಿಲ್ಲ, ಅದು ಅಪಶಕುನ. ಅಣ್ಣ ಬರೆದ ಹಾಗೆಯೇ ಅಂಟಿಸಿದರೆ ಎಡಗೋಡೆಯ ಸೈಕಲ್ಲುಗಳು ಯಂತ್ರದ ತಲೆಯ ಕಡೆಗೆ ಹೋಗುತ್ತಿದ್ದವು, ಬಲಗೋಡೆಯವು ಆಡುವವನ ಹೊಟ್ಟೆಯ ಕಡೆಗೆ ಬರುತ್ತಿದ್ದವು. ಫಿಟ್ಟರಿಗೆ ಜೋಡಿ ಚಿತ್ರ ಏನು ಗೊತ್ತು ಪಾಪ ಎಂದುಕೊಂಡೆ. ಎರಡನೆಯದನ್ನು ಒಂದೇ ಒತ್ತಿಗೆ ಮಗುಚಿ ಪ್ರಿಂಟ್ ಕೊಟ್ಟೆ. ಅವನಿಗೆ ಹೇಳಲಿಲ್ಲ. ಅಂಟಿಸಿದ ಮೇಲೆ ನೋಡಿ, ತಂಗಿ ಉಳಿಸಿದಳು ಎಂದುಕೊಳ್ಳಲಿ ಎಂದಿತ್ತು.

ಶುಕ್ರವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಭದ್ರಾವತಿಗೆ ಹೋದೆ. ಅಣ್ಣ ಆಟದ ಹಲಗೆಯನ್ನು ಮೇಲಕ್ಕೆತ್ತಿ ಕೋಲು ಕೊಟ್ಟು ನಿಲ್ಲಿಸಿದ್ದ. ಒಳಗೋಡೆಗಳಿಗೆ ಕಪ್ಪು ಬಣ್ಣ ಬಳಿದು, ಉಜ್ಜಿ, ಮತ್ತೆ ಬಳಿದು ಕನ್ನಡಿಯ ಹಾಗೆ ಮಾಡಿದ್ದ. ತಲೆಯ ಗಾಜನ್ನು ಬಿಚ್ಚಿ ಕಂಬಳಿ ಸುತ್ತಿ ಮಂಚದ ಮೇಲೆ ಮಲಗಿಸಿದ್ದ. ಹಲಗೆಗೂ ಗೋಡೆಗೂ ನಡುವೆ ಉಗುರು ತೂರುವಷ್ಟೇ ಸಂದು. ಸ್ಟಿಕ್ಕರಿನ ಅಂಚು ಎಲ್ಲಾದರೂ ಎದ್ದರೆ ಹಲಗೆ ಇಳಿಸುವಾಗ ಕೆರೆದುಕೊಂಡು ಹೋಗುತ್ತೆ ಎಂದು ಎಚ್ಚರಿಸಿದ.

ಮೊದಲ ಜಗಳ ನೀರಿಗೆ ಆಯಿತು. ನಾನು ಸೋಪಿನ ನೀರಿನ ಸ್ಪ್ರೇ ತೆಗೆದದ್ದೇ ತಡ, ಮರದ ಪೆಟ್ಟಿಗೆಗೆ ನೀರಾ ಎಂದು ಅಡ್ಡ ನಿಂತ. ಗೆರೆ ಎಳೆದುಕೊಂಡು ಒಣಗಿದ್ದ ಹಾಗೇ ಅಂಟಿಸಬೇಕು ಎಂಬುದು ಅವನ ವಾದ. ಒಣಗಿದ್ದಕ್ಕೆ ಅಂಟಿಸಿದರೆ ಮುಟ್ಟಿದ ಕಡೆ ಕಚ್ಚಿಕೊಳ್ಳುತ್ತೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ, ನೀರಿನ ಮೇಲಾದರೆ ಬೇಕಾದ ಕಡೆ ಜಾರಿಸಿಕೊಳ್ಳಬಹುದು, ತಪ್ಪಿದರೆ ಎತ್ತಿ ತೆಗೆಯಲೂಬಹುದು ಎಂದು ನಾನು ಹೇಳಿದೆ. ಗೆರೆ ಸರಿ ಇದ್ದರೆ ತಪ್ಪುವುದು ಎಲ್ಲಿಂದ ಬಂತು ಎಂದ. ಅತ್ತಿಗೆ ಕಾಫಿ ತಂದಿಟ್ಟು, ಅಂಟಿಸುವವಳು ಅವಳೋ ನೀವೋ ಎಂದು ಕೇಳಿದ ಮೇಲೆ ಕುರ್ಚಿಯಲ್ಲಿ ಕುಳಿತ.

ಎಡಗೋಡೆ ಹೂವೆತ್ತಿದ ಹಾಗೆ ಮುಗಿಯಿತು. ಹಾಳೆಯ ಬೆನ್ನಿನ ಕಾಗದ ಸುಲಿದು, ನೀರು ಹೊಡೆದು, ಮೇಲಂಚು ಕೂರಿಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ದಬ್ಬುತ್ತ ಹೋದೆ. ಪೆಟ್ಟಿಗೆಯೊಳಗೆ ಸೊಂಟದವರೆಗೆ ಬಗ್ಗಿದ್ದರಿಂದ ಬೆನ್ನು ಬಿದ್ದುಹೋಯಿತು, ಆದರೆ ಒಂದು ಗುಳ್ಳೆ ಉಳಿಯಲಿಲ್ಲ. ಅಣ್ಣ ಬಂದು ಬೆರಳಾಡಿಸಿ ನೋಡಿದ. ಒಂದು ತಪ್ಪೂ ತೆಗೆಯಲಿಲ್ಲ. ಅವನ ಕಡೆಯಿಂದ ಅದೇ ಸನ್ಮಾನ. ಬಲಗೋಡೆಯನ್ನು ಅದಕ್ಕಿಂತ ಬೇಗ ಮುಗಿಸಿದೆ. ಒಣಬಟ್ಟೆಯಿಂದ ಒರೆಸಿ, ಬಾ, ಈಗ ನೋಡು ಎಂದು ಕರೆದೆ.

ಅಣ್ಣ ಒಬ್ಬನೇ ಬರಲಿಲ್ಲ. ಕಂಬಳಿ ಬಿಚ್ಚಿ ಗಾಜನ್ನು ತಬ್ಬಿಕೊಂಡು ಬಂದು ತಲೆಯ ಜಾಗದಲ್ಲಿ ನಿಲ್ಲಿಸಿದ. ಆ ಗಾಜನ್ನು ನಾನು ನೋಡಿದ್ದು ಆಗಲೇ. ಅದರ ಮೇಲೆ ಕಾರ್ಖಾನೆಯ ಗೇಟು ಬರೆದಿದ್ದ, ಹಿಂದೆ ಚಿಮಣಿ. ಆಮೇಲೆ ಈಚೆ ಬಂದು, ಆಡುವವರು ನಿಲ್ಲುವ ಜಾಗದಲ್ಲಿ ನನ್ನ ಪಕ್ಕ ನಿಂತ. ಎಡಗಡೆ ನೋಡಿದ, ಬಲಗಡೆ ನೋಡಿದ. ಬಗ್ಗಿ ಬಲಗೋಡೆಯನ್ನು ಇನ್ನೊಮ್ಮೆ ನೋಡಿದ.

“ಚೈನ್ ಯಾವ ಕಡೆ ಇದೆ ನೋಡು,” ಎಂದ.

ನೋಡಿದೆ. ಸೈಕಲ್ಲಿನ ಚೈನ್ ಯಾವತ್ತೂ ಬಲಗಡೆಗೇ ಇರುತ್ತದೆ. ಬಲಗೋಡೆಯ ಪ್ರತಿಯೊಂದು ಸೈಕಲ್ಲಿನಲ್ಲೂ ಅದು ಎಡಗಡೆ ಇತ್ತು. ಇನ್ನು ಅಡಗಿಸುವುದೇನು? ನಾನೇ ಮಗುಚಿದ್ದು ಎಂದು ಹೇಳಿದೆ. ಲಾರಿ, ಕುದುರೆ, ಜೋಡಿ ಚಿತ್ರದ ನಿಯಮ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬೈಯುತ್ತಾನೆ ಎಂದು ಕಾದೆ. ಅವನು ಬೈಯಲಿಲ್ಲ, ಬಲಗೋಡೆಯ ಒಂದು ಸೈಕಲ್ಲನ್ನು ತೋರಿಸಿದ. ಎಲ್ಲರಿಗಿಂತ ಮುಂದೆ, ಗೇಟಿಗೆ ತೀರ ಹತ್ತಿರ ಇದ್ದ ಸೈಕಲ್ಲು. ಸವಾರ ತಲೆಗೆ ಟವೆಲ್ ಸುತ್ತಿದ್ದ. ಮುಂದಿನ ಅಡ್ಡಪಟ್ಟಿಯ ಮೇಲೆ ಒಂದು ಪುಟ್ಟ ಸೀಟು, ಮಕ್ಕಳನ್ನು ಕೂರಿಸುವಂಥದು, ಖಾಲಿ. ಆ ಸೀಟು ನನಗೆ ಗೊತ್ತು. ಅಪ್ಪ ನನಗೆಂದು ಹಾಕಿಸಿದ್ದನ್ನು ಅಮ್ಮ ಸಾಯುವವರೆಗೂ ಅಟ್ಟದ ಮೇಲೆ ಇಟ್ಟಿದ್ದಳು.

ಆಗ ಅಣ್ಣ ಹೇಳಿದ. ದಿನಾ ಸಂಜೆ ಅವನು ರಸ್ತೆಯ ತಿರುವಿನಲ್ಲಿ ಕಾದಿದ್ದು ಅಪ್ಪನ ಕ್ಯಾರಿಯರ್ ಹತ್ತಿ ಮನೆಗೆ ಬರುತ್ತಿದ್ದನಂತೆ. ಆ ದಿನವೂ ಅಲ್ಲೇ ನಿಂತಿದ್ದನಂತೆ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

“ಅವತ್ತು ಎಲ್ಲರ ಸೈಕಲ್ಲೂ ಬಂತು. ನಾನು ರಸ್ತೆ ಖಾಲಿ ಆಗೋ ತನಕ ನಿಂತಿದ್ದೆ. ಅದಕ್ಕೇ ಒಂದು ಕಡೆ ಹೋಗೋದು ಬರ್ದೆ, ಒಂದು ಕಡೆ ಬರೋದು ಬರ್ದೆ.”

ನಾನು ಅತ್ತುಬಿಟ್ಟೆ. ನನಗೆ ಫೋಟೋದಲ್ಲಿ ಮಾತ್ರ ಗುರುತಿದ್ದ ಅಪ್ಪನನ್ನು ಅಣ್ಣ ಇಷ್ಟು ವರ್ಷದ ಮೇಲೆ ಮನೆಯ ಕಡೆಗೆ ತಿರುಗಿಸಿದ್ದ, ನಾನು ಜಾಣೆ, ಅವನನ್ನು ಹಿಡಿದು ಮತ್ತೆ ಗೇಟಿನೊಳಗೆ ಅಟ್ಟಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಅಳು ತಾನಾಗಿಯೇ ನಿಂತಿತು.

ಕಣ್ಣು ಒರೆಸಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿದೆ. ಕೆಳಗಿನ ಮೂಲೆಯನ್ನು ಉಗುರಿನಿಂದ ಎತ್ತಿ, ಸಂದಿಗೆ ಸೋಪಿನ ನೀರು ಹೊಡೆದು, ಅವಸರ ಮಾಡದೆ ನನ್ನ ಕಡೆಗೆ ಎಳೆದುಕೊಂಡೆ. ಹೊಸ ಬಣ್ಣ ಸುಲಿದು ಬಂದರೆ ಗೋಡೆಯನ್ನು ಉಜ್ಜುವುದರಿಂದ ಮತ್ತೆ ಶುರು ಮಾಡಬೇಕು, ಭಾನುವಾರ ಕೈ ತಪ್ಪಿದ ಹಾಗೆಯೇ. ಹಾಳೆ ಇಡಿಯಾಗಿ ಬಂತು. ಅದರ ಹಿಂದೆ ಕಪ್ಪು ಬಣ್ಣ ಒಂದು ಚುಕ್ಕೆಯೂ ಇರಲಿಲ್ಲ.

“ನೀರು ಬೇಡ ಅಂದಿದ್ದು ಯಾರು?” ಎಂದು ಕೇಳಿದೆ. ಕೇಳದೆ ಇರಲು ನನ್ನಿಂದ ಆಗಲಿಲ್ಲ.

ಅಣ್ಣ ಕೈ ಮುಗಿದ. ಅತ್ತಿಗೆ ಊಟ ಮಾಡಿಕೊಂಡು ಹೋಗು ಎಂದರೂ ಕೇಳದೆ ಸ್ಕೂಟರ್ ಹತ್ತಿ ಶಿವಮೊಗ್ಗಕ್ಕೆ ಬಂದೆ. ಈ ಸಲ ಫೈಲಿನಲ್ಲಿ ಏನನ್ನೂ ಮುಟ್ಟಲಿಲ್ಲ. ಪ್ರಿಂಟ್ ತೆಗೆದು, ಅದು ಒಣಗುವವರೆಗೆ ಮುಂದೆ ಕುಳಿತಿದ್ದು, ಲ್ಯಾಮಿನೇಶನ್ ಹಾಕಿ, ಸುರುಳಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ನ್ಯೂ ಟೌನಿನಲ್ಲಿದ್ದೆ. ಬಲಗೋಡೆಗೆ ಮತ್ತೆ ನೀರು ಹೊಡೆದು ಹಾಳೆ ಕೂರಿಸಿದೆ. ನನ್ನ ಕೈಯನ್ನು ನಾನು ಯಾವತ್ತೂ ಅನುಮಾನಿಸಿದವಳಲ್ಲ. ಅವತ್ತು ತಪ್ಪಿದ್ದು ತಲೆ. ಅಪ್ಪನ ಸೈಕಲ್ಲಿನ ಮೇಲೆ ರಬ್ಬರ್ ಪಟ್ಟಿ ಆಡಿಸುವಾಗ ಮಾತ್ರ ಎರಡು ಸಲ ಮೆಲ್ಲಗೆ ಎಳೆದೆ.

ಅಣ್ಣ ಕೋಲು ತೆಗೆದು ಆಟದ ಹಲಗೆಯನ್ನು ಇಳಿಸಿದ. ಅದು ಎರಡೂ ಗೋಡೆಗಳನ್ನು ಸವರದೆ ತನ್ನ ಜಾಗದಲ್ಲಿ ಕುಳಿತಿತು. ಗೇಟಿನ ಗಾಜು ತಲೆಯ ಜಾಗದಲ್ಲಿ ನಿಂತಿತು, ದೀಪ ಹತ್ತಿತು. ಎಡಗಡೆ ಎಲ್ಲರೂ ಹೋಗುತ್ತಿದ್ದರು. ಬಲಗಡೆ ಎಲ್ಲರೂ ಬರುತ್ತಿದ್ದರು, ಅಪ್ಪ ಎಲ್ಲರಿಗಿಂತ ಮುಂದೆ, ನಾವು ನಿಂತಲ್ಲಿಂದ ಒಂದು ಗೇಣು ದೂರದಲ್ಲಿ. ಅಣ್ಣ ತುಂಬ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ನೆಟ್ಟಗಾಗಿ ಸ್ಪ್ರಿಂಗಿನ ಹಿಡಿಯ ಮುಂದಿನಿಂದ ಸರಿದು ನನಗೆ ಜಾಗ ಬಿಟ್ಟ.

“ಮೊದಲ ಗುಂಡು ನಿಂದು,” ಎಂದ. “ಸ್ಟೂಲು ಬೇಕಾ?”

ಸೊಸೆ ಬಂದಿರುವ ಹೆಂಗಸು ನಾನು, ಸ್ಟೂಲು ಯಾಕೆ ಎನ್ನಬೇಕಿತ್ತು. ಬೇಕು ಎಂದೆ. ಅಣ್ಣ ಅಡುಗೆಮನೆಗೆ ಹೋಗಿ ಸ್ಟೂಲು ತಂದಿಟ್ಟು, ನಾನು ಹತ್ತುವವರೆಗೆ ರಟ್ಟೆ ಹಿಡಿದುಕೊಂಡಿದ್ದ.