ಕಲ್ಯಾಣಿಯ ತಪ್ಪು

ಗುದ್ದಿದ ಸದ್ದು ಅಡಗುವ ಮೊದಲೇ ನಾಲ್ಕು ಭಾಷೆಗಳು ನನ್ನ ಕಾರನ್ನು ಸುತ್ತುವರಿದಿದ್ದವು. ಒಬ್ಬರು ತುಳುವಿನಲ್ಲಿ ಏನೋ ಕೇಳಿದರು, ಇನ್ನೊಬ್ಬರು ಕೊಂಕಣಿಯಲ್ಲಿ ಮರುಗಿದರು, ಬ್ಯಾರಿ ಭಾಷೆಯಲ್ಲಿ ಯಾರೋ ಲಾರಿಯವನಿಗೆ ಬೈದರು, ಹಾದಿಯಲ್ಲಿ ಹೋಗುತ್ತಿದ್ದ ಪಾದ್ರಿಯೊಬ್ಬರು ಇಂಗ್ಲಿಷಿನಲ್ಲಿ ನನ್ನ ಕುತ್ತಿಗೆಯ ಕ್ಷೇಮ ವಿಚಾರಿಸಿದರು. "ಏನೂ ಆಗಿಲ್ರೀ" ಎಂದೆ. ಎಲ್ಲರೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಹೆಸರಿನಲ್ಲೇ ಕನ್ನಡವನ್ನು ಇಟ್ಟುಕೊಂಡ ಜಿಲ್ಲೆಯಲ್ಲಿ ನನ್ನ ಧಾರವಾಡದ ಕನ್ನಡ ಪರದೇಶಿಯಾಗಿತ್ತು.

ನಡೆದದ್ದು ಇಷ್ಟು. ಬಲ್ಮಠದ ಇಳಿಜಾರಿನಲ್ಲಿ ರೋಗಿಯೊಬ್ಬರ ಮನೆಗೆ ಹೊರಟಿದ್ದೆ. ಮುಂದೆ ತಲೆಹೊರೆ ಹೊತ್ತು ಹೋಗುತ್ತಿದ್ದ ಹೆಂಗಸಿನ ಹೊರೆ ಜಾರಿ ಬಿತ್ತು. ಗದ್ದೆಗೆ ಗೊಬ್ಬರವಾಗಿ ಹಾಕುವ ಹಸಿ ಸೊಪ್ಪಿನ ಕಟ್ಟು. ಆಕೆ ಅದನ್ನು ಬಾಚಿಕೊಳ್ಳಲೆಂದು ನಾನು ಕಾರು ನಿಲ್ಲಿಸಿ ಕಾಯುತ್ತಿದ್ದೆ. ಹಂಚು ತುಂಬಿದ ಲಾರಿಯೊಂದು ಹಿಂದಿನಿಂದ ಇಳಿದು ಬಂದು ನನ್ನ ಪುಟ್ಟ ಕಾರಿನ ಬೆನ್ನು ಮುರಿಯಿತು. ನಿಂತವನಿಗೆ ಬಂದವನು ಗುದ್ದಿದ್ದು. ಇದರಲ್ಲಿ ವಾದಕ್ಕೆ ಎಡೆಯೇ ಇಲ್ಲವೆಂದು ನಾನು ನಿಶ್ಚಿಂತನಾಗಿದ್ದೆ.

ಮಹಾಯುದ್ಧ ಮುಗಿದ ಮೇಲೆ ಇಲ್ಲಿಗೆ ವೈದ್ಯನಾಗಿ ಬಂದು ಆಗ ಎಂಟು ತಿಂಗಳು. ಹಸನಬ್ಬ ಎಂಬ ಜವಳಿ ವ್ಯಾಪಾರಿಯ ಅಂಗಡಿಯ ಮೇಲಿನ ಎರಡು ಕೋಣೆಗಳೇ ನನ್ನ ಮನೆ. ನಮ್ಮ ಕಡೆ ಬೆವರು ಕೆಲಸದಿಂದ ಬರುತ್ತದೆ. ಇಲ್ಲಿ ಸುಮ್ಮನೆ ಕೂತರೂ ಬರುತ್ತದೆ. ಜೋಳದ ರೊಟ್ಟಿಯ ಹೊಟ್ಟೆಗೆ ಕೆಂಪು ಕುಚ್ಚಲಕ್ಕಿಯ ಅನ್ನ ಮೊದಲ ತಿಂಗಳು ಉಂಡಷ್ಟೂ ಉಣ್ಣದಂತೆಯೇ ಇತ್ತು. ಸಂಜೆ ಹೊತ್ತು ಮಾತಿಗೆ ಯಾರೂ ಇಲ್ಲದೆ, ಧಾರವಾಡದಿಂದ ಬಂದ ಹಳೆಯ ಕಾಗದಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಅಳು ಬಂದದ್ದೂ ಉಂಟು.

ಒಂಟಿತನಕ್ಕೆ ಮದ್ದು ಎಂದು ತುಳು ಕಲಿಯತೊಡಗಿದೆ. ರೋಗಿಗಳೇ ಗುರುಗಳು. ಮೊದಲ ವಾರ ಮೀಸೆ ಹೊತ್ತ ಗಂಡಸೊಬ್ಬ "ಬಂಜಿ ಬೇನೆ" ಎಂದಾಗ ಬಂಜೆ ಎಂಬ ಮಾತು ಇವನಿಗೇಕೆ ಎಂದು ಬೆಪ್ಪಾಗಿದ್ದೆ. ಬಂಜಿ ಎಂದರೆ ಹೊಟ್ಟೆ. ಬೇನೆಯಂತೂ ನಮ್ಮದೇ ಬ್ಯಾನಿ. ಅಲ್ಲಿಂದ ಆರು ತಿಂಗಳಲ್ಲಿ ದುಭಾಷಿಯಿಲ್ಲದೆ ರೋಗ ಕೇಳಿ ಮದ್ದು ಹೇಳುವಷ್ಟಾದೆ. ಒಬ್ಬಾಕೆ ಮುದುಕಿ "ಡಾಕ್ಟ್ರು ತುಳು ಪಾತೆರುವೆರ್" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಡಾಕ್ಟರು ತುಳು ಮಾತಾಡುತ್ತಾರೆ! ಆ ಮಾತು ನನ್ನ ತಲೆಗೇರಿತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಲಾರಿಗೆ ವಿಮೆ ಇತ್ತು. ಪರಿಹಾರ ಕೇಳಿ ಬರೆದ ಅರ್ಜಿಯ ಜೊತೆ ಕಣ್ಣಾರೆ ಕಂಡವರ ಹೇಳಿಕೆ ಬೇಕೆಂದರು ವಿಮಾ ಕಚೇರಿಯ ಅಧಿಕಾರಿ. ಕಂಡವಳೆಂದರೆ ಆ ಸೊಪ್ಪಿನ ಹೆಂಗಸು ಕಲ್ಯಾಣಿ ಒಬ್ಬಳೇ. ಹಸನಬ್ಬರನ್ನು ಜೊತೆಗೆ ಕರೆಯಬಹುದಿತ್ತು. ತುಳು ಬಲ್ಲ ಡಾಕ್ಟರಿಗೆ ದುಭಾಷಿ ಏಕೆ? ನಾನೇ ಹೋಗಿ ಅವಳ ಅಂಗಳದಲ್ಲಿ ಕೂತು ಕೇಳಿದೆ, ಕನ್ನಡಕ್ಕಿಳಿಸಿ ಬರೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವಳ ಮೊದಲ ಮಾತು: "ಮಾರ್ಗಡ್ ಎನ್ನ ತಪ್ಪು ಇತ್ತ್ಂಡ್." ನನ್ನ ಕೈಬರಹದಲ್ಲಿ ಅದು "ರಸ್ತೆಯಲ್ಲಿ ನನ್ನ ತಪ್ಪಿತ್ತು" ಎಂದಾಯಿತು. ಕೇಳುವ ಮೊದಲೇ ತನ್ನ ಮೇಲೆ ಹಾಕಿಕೊಂಡಳಲ್ಲ, ಎಂಥ ಪ್ರಾಮಾಣಿಕತೆ ಎಂದು ಬೆರಗಾಗಿ, ಆ ರಾತ್ರಿಯೇ ಅವ್ವನಿಗೆ ಈ ಸೀಮೆಯ ಬಡವರ ಗುಣವನ್ನು ಕೊಂಡಾಡಿ ಎರಡು ಪುಟ ಬರೆದೆ.

ಮೂರು ವಾರದ ಮೇಲೆ ಉತ್ತರ ಬಂತು. ಪಾದಚಾರಿಣಿ ತಾನೇ ತಪ್ಪೊಪ್ಪಿಕೊಂಡಿರುವುದರಿಂದ ಲಾರಿಯ ಕಡೆಯವರು ಹೊಣೆಯಲ್ಲ. ಅಷ್ಟರಲ್ಲೇ ಮುಗಿದಿದ್ದರೆ ಕಾರಿಲ್ಲದೆ ನಡೆದೇನು ಎಂದುಕೊಳ್ಳುತ್ತಿದ್ದೆ. ಲಾರಿಯ ಮಾಲೀಕ ಆ ಹೇಳಿಕೆಯ ನಕಲು ಹಿಡಿದು ಕಲ್ಯಾಣಿಯ ಮೇಲೆ ಪೊಲೀಸ್ ಠಾಣೆಗೆ ದೂರು ಕೊಡಲು ಹೊರಟಿದ್ದಾನೆಂದೂ ತಿಳಿಯಿತು.

ಕಾಗದ ಹಿಡಿದು ಕೆಳಗಿಳಿದಾಗ ಹಸನಬ್ಬ ಬಟ್ಟೆ ಅಳೆಯುತ್ತಿದ್ದರು.

"ಎಂತ ಡಾಕ್ಟ್ರೇ, ಮುಖ ಯಾಕೆ ಹೀಗೆ ಬಾಡಿ ಉಂಟು?"

ಹೇಳಿದೆ. ಅವರು ಗಜಕೋಲು ಕೆಳಗಿಟ್ಟರು. "ಅವಳು ಹೇಳಿದ್ದು ಎಂತ? ಅವಳ ಬಾಯಿಯ ಮಾತೇ ಹೇಳಿ ನೋಡುವ."

ಹೇಳಿದೆ. ಹಸನಬ್ಬ ಹಣೆ ಚಚ್ಚಿಕೊಂಡರು.

"ಅಯ್ಯೋ, ಎಂತ ಮಾಡಿದಿರಿ ಮಾರಾಯ್ರೆ! ತುಳುವಿನಲ್ಲಿ ತಪ್ಪು ಅಂದ್ರೆ ಸೊಪ್ಪು! ಮಾರ್ಗದಲ್ಲಿ ಅವಳ ಸೊಪ್ಪು ಇತ್ತು ಅಂತ ಹೇಳಿದ್ದು ಆ ಪಾಪದವಳು."

"ಹಂಗಾರ ತಪ್ಪಿಗೆ ಏನಂತಾರ್ರೀ?"

"ಅದಕ್ಕೂ ತಪ್ಪೇ. ಯಾವಾಗ ಯಾವುದು ಅಂತ ನಮಗೆ ಗೊತ್ತಾಗ್ತದೆ."

ಅವರ ಮನೆಮಾತು ಬ್ಯಾರಿ. ಆದರೂ ಆ "ನಮಗೆ" ಎಂಬುದರೊಳಗೆ ಅವರಿದ್ದರು, ನಾನಿರಲಿಲ್ಲ. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ. ನನ್ನ ಮೇಲೆ ನಂಬಿಕೆಯಿಟ್ಟು, ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವಳನ್ನು ನಾನೇ ಅಪರಾಧಿ ಮಾಡಿದ್ದೆ. ನಾಚಿಕೆಯಿಂದ ಆ ದಿನ ಔಷಧಾಲಯದ ಬಾಗಿಲು ತೆರೆಯಲಿಲ್ಲ.

ಮರುದಿನ ಕಲ್ಯಾಣಿಯನ್ನೂ ಹಸನಬ್ಬರನ್ನೂ ಕರೆದುಕೊಂಡು ವಿಮಾ ಕಚೇರಿಗೆ ಹೋದೆ. ಅಧಿಕಾರಿ ಈ ಊರಿನವರೇ, ತುಳುವಿನವರು. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ನನಗೆ ಅರ್ಥ ಆಗ್ತದೆ ಡಾಕ್ಟ್ರೇ. ಆದರೆ ಕಡತ ಹೋಗುವುದು ಮದ್ರಾಸಿಗೆ. ಅಲ್ಲಿಯವರಿಗೆ ಈ ತಪ್ಪು, ಆ ತಪ್ಪು ಎಲ್ಲ ಗೊತ್ತುಂಟಾ? ಹೇಳಿಕೆ ತಿದ್ದಿದ್ರೆ ನೀವೇ ಅವಳಿಗೆ ಹೇಳಿಕೊಟ್ಟದ್ದು ಅಂತಾರೆ. ನಿಮ್ಮ ಅರ್ಜಿಯೇ ಬಿದ್ದು ಹೋದೀತು."

"ಬಿದ್ದರ ಬೀಳಲಿ ಬಿಡ್ರಿ. ಈಕಿ ಹೆಸರು ಮೊದಲು ಅದರಾಗಿಂದ ತಗೀರಿ."

ಧೈರ್ಯದಿಂದ ಆಡಿದ ಮಾತಲ್ಲ ಅದು. ಇನ್ನು ಕಾರಿನ ಪರಿಹಾರ ಸಿಗದೆಂಬ ಸಂಕಟ ಇದ್ದೇ ಇತ್ತು. ಆದರೂ ಹೊಸ ಹಾಳೆ ತೆಗೆದು ನಡೆದದ್ದನ್ನು ಬರೆದೆ. ಈ ಸಲ ಒಂದೊಂದು ಮಾತನ್ನೂ ಹಸನಬ್ಬರಿಗೆ ತೋರಿಸಿ ಬರೆದೆ. ಅರ್ಜಿ ಕೊನೆಗೆ ಬೀಳಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮದ್ರಾಸಿನವರು ಐದು ತಿಂಗಳು ಸತಾಯಿಸಿ ಒಪ್ಪಿದರು. ಲಾರಿಯವನೂ ದೂರಿನ ಯೋಚನೆ ಬಿಟ್ಟ. ಆ ಹೊತ್ತಿಗೆ ಇದಾವುದೂ ನಮಗೆ ತಿಳಿದಿರಲಿಲ್ಲ.

ಬರೆದದ್ದನ್ನು ಕಲ್ಯಾಣಿಗೆ ತುಳುವಿನಲ್ಲಿ ಓದಿ ಹೇಳಬೇಕೆಂದರು ಅಧಿಕಾರಿ. ಹಸನಬ್ಬ ಓದಲು ಎದ್ದರು. ನಾನು ತಡೆದೆ. ಕೆಡಿಸಿದವನು ನಾನು, ಹೇಳಬೇಕಾದವನೂ ನಾನೇ. ತಪ್ಪಿ ತಡವರಿಸುತ್ತ ಕೊನೆಯ ಸಾಲಿಗೆ ಬಂದು, ಎದೆಯ ಮೇಲೆ ಕೈಯಿಟ್ಟು ಹೇಳಿದೆ: "ತಪ್ಪು ಎನ್ನ."

ತಪ್ಪು ನನ್ನದು.

ಅಷ್ಟೂ ಹೊತ್ತು ಬಾಗಿಲ ಬಳಿ ಮುದುರಿ ನಿಂತಿದ್ದ ಕಲ್ಯಾಣಿ ನೆಟ್ಟಗಾದಳು. ಇಷ್ಟೆಲ್ಲ ಆದ ಮೇಲೆ ಈ ಮನುಷ್ಯ ತನ್ನ ಸೊಪ್ಪಿನ ಹೊರೆಗೇ ಕೈ ಹಾಕಿದನೆಂದು ಅವಳಿಗೆ ಸಿಟ್ಟೇ ಬಂದಿತ್ತು.

"ಈರೆನ ಅತ್ತ್ ಸ್ವಾಮೀ," ಎಂದಳು, "ಅವು ಎನ್ನ ತಪ್ಪು!"

ನಿಮ್ಮದಲ್ಲ ಸ್ವಾಮೀ, ಅದು ನನ್ನದು.

ಅಧಿಕಾರಿ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಹಸನಬ್ಬರ ಕಣ್ಣಲ್ಲಿ ನೀರು ಬಂತು. ನಾನು ಅವಳ ಮಾತನ್ನು ಕನ್ನಡಕ್ಕೆ ತಂದುಕೊಂಡು, ಆಮೇಲೆ ನಕ್ಕೆ; ಅವರೆಲ್ಲ ಮುಗಿಸುತ್ತಿದ್ದಾಗ ನಾನು ಶುರುಮಾಡಿದ್ದೆ. ಇದನ್ನು ಅವ್ವನಿಗೆ ಬರೆದು ತಿಳಿಸಬೇಕೆಂದು ಆ ವಾರ ಮೂರು ಸಲ ಕೂತೆ. ಎಷ್ಟು ಬಿಡಿಸಿ ಬರೆದರೂ ಧಾರವಾಡದಲ್ಲಿ ಅದಕ್ಕೆ ಯಾರೂ ನಗುವುದಿಲ್ಲವೆಂದು ಗೊತ್ತಾಗಿ, ಹಾಳೆ ಮಡಚಿಟ್ಟು, ಒಬ್ಬನೇ ಕೂತು ಇನ್ನೊಮ್ಮೆ ನಕ್ಕೆ.