ಎರಡು ಸ್ಟೇರಿಂಗಿನ ಬೆಂಕಿ ಗಾಡಿ

ಒಂದು ಗಾಡಿಯನ್ನು ಇಬ್ಬರು ಓಡಿಸುವುದು ಆಗದ ಮಾತು ಎಂದವರು ನಮ್ಮಜ್ಜಿ. ಈಗಲೂ ಯಾರದೋ ಗೇಟಿಗೆ ಹೊಸದಾಗಿ ಬಳಿದ ಆಯಿಲ್ ಪೇಂಟಿನ ಘಾಟು ಮೂಗಿಗೆ ಬಡಿದರೆ ಸಾಕು, ನಾನು ಅಲ್ಲಾಳಸಂದ್ರದ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ ನಿಂತಿರುತ್ತೇನೆ. ಹಸುಗಳನ್ನು ಮಾರಿದ ಮೇಲೆ ಆ ಕೊಟ್ಟಿಗೆಗೆ ಸುಣ್ಣ ಹೊಡೆಸಿ ಚಿಕ್ಕಪ್ಪ ಅಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಸೆಕೆಯ ದಿನಗಳಲ್ಲಿ ಬಿಸಿಯಾದ ಯಂತ್ರಗಳ ವಾಸನೆಯ ಅಡಿಯಿಂದ ಹಳೆಯ ಸಗಣಿ, ಹುಲ್ಲಿನ ವಾಸನೆ ಮೆಲ್ಲಗೆ ಏಳುತ್ತಿತ್ತು. ಬೇರೆ ಯಂತ್ರಗಳು ಬಂದವು, ಹೋದವು. ಕೊನೆಯವರೆಗೂ ನಿಂತದ್ದು ಒಂದೇ: ಮುಚ್ಚಿಹೋದ ಯಾವುದೋ ಕ್ಲಬ್ಬಿನ ಸಾಮಾನಿನ ಜೊತೆ ಚಿಕ್ಕಪ್ಪ ಹರಾಜಿನಲ್ಲಿ ಹಿಡಿದ ವಿದೇಶಿ ಆಟದ ಯಂತ್ರ. ಮುಂದೆ ಕೂರಲು ಸೀಟು, ಕಾಲಿಗೆ ಆಕ್ಸಿಲರೇಟರ್, ಕೈಗೆ ಸ್ಟೇರಿಂಗ್. ಆ ಸೀಟಿನ ಹಿಂದೆ ನಿಲ್ಲಲು ಒಂದು ಕಟ್ಟೆ, ಅಲ್ಲಿ ಇನ್ನೊಂದು ಸ್ಟೇರಿಂಗ್. ಕಪ್ಪು ಬಿಳುಪಿನ ಪರದೆಯ ಮೇಲೆ ಉದ್ದನೆಯ ಅಗ್ನಿಶಾಮಕ ಲಾರಿಯೊಂದು ಬೀದಿಗಳಲ್ಲಿ ನುಗ್ಗುತ್ತಿತ್ತು. ಅದರ ತಲೆ ಮುಂದಿನವರ ಕೈಯಲ್ಲಿ, ಬಾಲ ಹಿಂದಿನವರ ಕೈಯಲ್ಲಿ. ನಾವು ಅದನ್ನು ಬೆಂಕಿ ಗಾಡಿ ಎನ್ನುತ್ತಿದ್ದೆವು.

"ಒಂದ್ ಗಾಡಿಗೆ ಇಬ್ರು ಡ್ರೈವರಾ? ಗಂಡ ಎಂಡ್ತೀನೇ ಒಂದ್ ಕಡೀಕ್ ಓಗಲ್ಲ, ಇದ್ ಓಯ್ತದಾ?" ಎಂದು ಅಜ್ಜಿ ಬಾಗಿಲಲ್ಲೇ ನಕ್ಕಿದ್ದರು. ಚಿಕ್ಕಪ್ಪ ನನ್ನನ್ನು ಎತ್ತಿ ಹಿಂದಿನ ಕಟ್ಟೆಯ ಮೇಲೆ ನಿಲ್ಲಿಸಿ, ತಾವು ಮುಂದೆ ಕೂತರು. "ಬಾಲ ನೋಡ್ಕೊ ಮಗಾ, ಬಾಲ! ಮನೇಗ್ ಗುದ್ತದೆ!" ಎಂದು ಕೂಗುತ್ತಿದ್ದರು. ನಾನು ಗುದ್ದಿಸುತ್ತಿದ್ದೆ. ಬರಬರುತ್ತಾ ಅವರು ಕೂಗುವುದು ನಿಂತಿತು. ಅವರ ಎಡಭುಜ ಕೊಂಚ ಇಳಿದರೆ ಗಾಡಿ ಯಾವ ಕಡೆ ಹೊರಳುತ್ತದೆಂದು ನನ್ನ ಕೈಗೆ ತಿಳಿಯುತ್ತಿತ್ತು. ನಮ್ಮಪ್ಪ ಮಾತು ಕಡಿಮೆಯ ಮನುಷ್ಯ. ಒಬ್ಬರನ್ನು ನಂಬಿ ತಿರುಗುವುದು ಹೇಗೆಂದು ನಾನು ಕಲಿತದ್ದು ಚಿಕ್ಕಪ್ಪನ ಬೆನ್ನು ನೋಡುತ್ತಾ.

ಆಯುಧಪೂಜೆಗೆ ನಮ್ಮಂಗಳದಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್ಟು, ಗುದ್ದಲಿ, ಕುಡುಗೋಲುಗಳ ಸಾಲಿನಲ್ಲಿ ಬೆಂಕಿ ಗಾಡಿಯೂ ನಿಲ್ಲುತ್ತಿತ್ತು. ಹಿಂದಿನ ವಾರವೇ ಚಿಕ್ಕಪ್ಪ ಅದಕ್ಕೆ ಉಪ್ಪುಕಾಗದ ಹಿಡಿದು ಚೆನ್ನಾಗಿ ಉಜ್ಜಿ, ಟ್ರ್ಯಾಕ್ಟರಿಗೆ ತಂದ ಕೆಂಪು ಬಣ್ಣದಲ್ಲಿ ಉಳಿದದ್ದನ್ನು ಬಳಿಯುತ್ತಿದ್ದರು. ಬಂದಾಗ ಅದರ ಮೈಮೇಲೆ ಹೆಲ್ಮೆಟ್ ಹಾಕಿದ ಇಬ್ಬರು ಬಿಳಿಯರು ನಗುವ ಚಿತ್ರವಿತ್ತು, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ದೇವರ ಮುಂದೆ ಚಕ್ಕೆ ಎದ್ದ ಗಾಡಿ ನಿಲ್ಲಿಸುವ ಮನೆ ನಮ್ಮದಲ್ಲ. ಬಣ್ಣ ಒಣಗಿದ ಮೇಲೆ "ಶ್ರೀ ಮಾರಮ್ಮ ಪ್ರಸನ್ನ" ಎಂದು ಹಳದಿಯಲ್ಲಿ ಬರೆಯುವ ಕೆಲಸ, ಅಕ್ಷರ ದುಂಡಗಿದೆಯೆಂದು, ನನ್ನದು. ಎರಡೂ ಸ್ಟೇರಿಂಗಿಗೆ ಸೇವಂತಿಗೆ ಹಾರ, ಮುಂದೆ ಒಡೆದ ಬೂದುಗುಂಬಳ. ಪೂಜೆ ಮುಗಿದ ಮೇಲೆ ಮೊದಲ ಆಟ ನಮ್ಮಿಬ್ಬರದು. ಕೈಗೆಲ್ಲ ಕುಂಕುಮ, ಅರ್ಧ ಒಣಗಿದ ಪೇಂಟು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಬೆಂಕಿ ಗಾಡಿಯ ಸೀಟೇ ನನ್ನ ಓದುವ ಜಾಗ. ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದೆ. ಆ ಓದು ಅಪ್ಪನ ಮನೆಗೆ ಉಪಯೋಗಕ್ಕೆ ಬರುತ್ತದೆಂದು ನಾನು ಅಂದುಕೊಂಡದ್ದು ಈ ವರ್ಷ, ಮನೆಯನ್ನು ಬಿಲ್ಡರಿಗೆ ಒಪ್ಪಿಸಿದಾಗ. ಅಜ್ಜಿ, ಅಪ್ಪ ಇಬ್ಬರೂ ಇಲ್ಲ. ಉಳಿದವರಿಗೆ ಒಂದೊಂದು ಫ್ಲ್ಯಾಟು. ಬೆಂಕಿ ಗಾಡಿ ಯಾವ ಫ್ಲ್ಯಾಟಿನ ಬಾಗಿಲಲ್ಲೂ ತೂರುವುದಿಲ್ಲ. ಅದು ಓಡದೆ ಎಷ್ಟೋ ಕಾಲವಾಗಿತ್ತು. ಗುಜರಿಯವನು ಆಗಲೇ ಬಂದು ನೋಡಿ ಹೋಗಿದ್ದ. "ಯಾರಾದ್ರೂ ಇಡಿಯಾಗಿ ಇಟ್ಕೊಳೋರ್ ಇದ್ರೆ ನೋಡ್ ಮಗಾ, ಪುಗ್ಸಟ್ಟೆ ಕೊಟ್ರೂ ಸರಿ, ಒಡಿಯೋದ್ ಬ್ಯಾಡ," ಎಂದರು ಚಿಕ್ಕಪ್ಪ. ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ.

ನಾನು ಹುಡುಕಿದೆ. ಇಂಥ ಯಂತ್ರಗಳನ್ನು ಕೂಡಿಡುವವರು ಲೋಕದಲ್ಲೆಲ್ಲ ಇದ್ದಾರಂತೆ. ಜಾಗ ಸಾಲದೆ ಜನ ಹಿಂದಿನ ಭಾಗವನ್ನು ಬಿಚ್ಚಿ ಎಸೆದಿರುವುದರಿಂದ ಎರಡು ಸ್ಟೇರಿಂಗೂ ಉಳಿದ ಯಂತ್ರ ಅಪರೂಪವಂತೆ. ಆರ್.ಟಿ. ನಗರದಲ್ಲೇ ಅಂಥವರೊಬ್ಬರು ಸಿಕ್ಕರು. ನನ್ನ ಇಂಗ್ಲಿಷಿನಲ್ಲೇ ಬರೆದೆ, ಬಂದರು. ಕೊಟ್ಟಿಗೆಯ ಬಾಗಿಲು ತೆಗೆದ ಕೂಡಲೇ "ಅಯ್ಯೋ, ಹಿಂದಿಂದೂ ಇದೆಯಲ್ರೀ!" ಎಂದು ಮಗುವಿನಂತೆ ಓಡಿದರು. ಚಿಕ್ಕಪ್ಪ ನನ್ನ ಕಡೆ ನೋಡಿದರು. ಅಂಥ ನೋಟವನ್ನು ನಾನು ನನ್ನ ರಿಸಲ್ಟಿನ ದಿನವೂ ಕಂಡಿರಲಿಲ್ಲ.

ಆಮೇಲೆ ಬಂದವರು ಟಾರ್ಚು ಹಿಡಿದು, ಬ್ಲೇಡಿನಿಂದ ಒಂದು ಮೂಲೆಯಲ್ಲಿ ಬಣ್ಣ ಕೆರೆದರು. ಕೆಂಪು. ಅದರಡಿ ಇನ್ನೊಂದು ಕೆಂಪು. ಅದರಡಿ ಇನ್ನೊಂದು. ಕೊನೆಗೆ ಬರೀ ಹಲಗೆ.

"ಚಿತ್ರ ಎಲ್ಲಿ ಯಜಮಾನ್ರೇ?"

"ಉಜ್ಬಿಟ್ಟೆ ಸಾರ್. ಉಜ್ದೆ ಇದ್ರೆ ಬಣ್ಣ ಕೂರಲ್ಲ," ಎಂದರು ಚಿಕ್ಕಪ್ಪ, ಕೆಲಸ ಗೊತ್ತಿರುವವನ ದನಿಯಲ್ಲಿ.

ಬಂದವರು ಕೆಟ್ಟವರಲ್ಲ. ಟಾರ್ಚು ಆರಿಸಿ, "ಒಂದು ಚೂರು ಚಿತ್ರ ಉಳಿದಿದ್ರೂ ಇವತ್ತೇ ಸಾಗಿಸ್ತಿದ್ದೆ. ಈಗ ಇದನ್ನ ಅಸಲಿ ಅಂತ ಎಲ್ಲಿ ನಿಲ್ಲಿಸ್ಲಿ ಹೇಳಿ?" ಎಂದರು. ತಾವು ಪರೀಕ್ಷಿಸಿದ ಪ್ರತಿ ಯಂತ್ರಕ್ಕೂ ಸರ್ಟಿಫಿಕೇಟು ಕೊಡುವುದು ಅವರ ಪದ್ಧತಿ. ಕಾರಿನ ಬಾನೆಟ್ಟಿನ ಮೇಲಿಟ್ಟು ಇಂಗ್ಲಿಷಿನಲ್ಲಿ ಬರೆದು, ಸೀಲು ಒತ್ತಿ, ಮರ್ಯಾದೆಯಿಂದ ಎರಡೂ ಕೈಯಲ್ಲಿ ಚಿಕ್ಕಪ್ಪನಿಗೆ ಕೊಟ್ಟು ಹೊರಟುಹೋದರು.

ಓದು ಎಂದು ಚಿಕ್ಕಪ್ಪ ಅದನ್ನು ನನ್ನ ಕೈಗಿತ್ತರು. ಮೂಲರೂಪ ಪೂರ್ತಿ ನಾಶವಾಗಿದೆ, ಸಂಗ್ರಹಕ್ಕೆ ಯೋಗ್ಯವಲ್ಲ, ಬಿಡಿಭಾಗಗಳಿಗೆ ಮಾತ್ರ. ಇದ್ದದ್ದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಿದೆ. ಅದಕ್ಕೇ ಅಲ್ಲವೇ ನನ್ನನ್ನು ಓದಿಸಿದ್ದು. ಅವರು ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಬ್ಲೇಡು ಕೆರೆದ ಮೂಲೆಯನ್ನು ಹೆಬ್ಬೆರಳಿನಲ್ಲಿ ಸವರಿದರು.

"ಗುಜರಿಯವನ್ಗೆ ಫೋನ್ ಮಾಡ್ ಮಗಾ. ಬಿಚ್ಚೋದ್ ಏನಿದ್ರೂ ಅವನ್ ಅಂಗ್ಡೀಲಿ ಬಿಚ್ಕೊಳ್ಳಿ. ಇಲ್ಲಿಂದ ಓಗೋವಾಗ ತಲೆ ಬಾಲ ಎರಡೂ ಒಟ್ಗೇ ಓಗ್ಲಿ."